ಕಪ್ಪು ಮರಳಿನಲ್ಲಿ ಅಡಗಿದ ಹಿಟ್ಟುಚಿನ್ನ

ಅಮೆರಿಕದ ಇಡಾಹೊ ರಾಜ್ಯದ ದಕ್ಷಿಣ ಭಾಗವನ್ನು ಹಾದು ಹರಿಯುವ ಸ್ನೇಕ್ ನದಿಯ ದಿಬ್ಬಗಳಲ್ಲಿ ಚಿನ್ನವಿರುವುದು ಹತ್ತೊಂಬತ್ತನೆಯ ಶತಮಾನದಿಂದಲೂ ತಿಳಿದ ಸಂಗತಿಯಾದರೂ, ಅದನ್ನು ಮರಳಿನಿಂದ ಬಿಡಿಸಿಕೊಳ್ಳುವ ಕೆಲಸ ಇಂದಿಗೂ ಸುಲಭವಾಗಿಲ್ಲ. ಬಹುದೂರ ಉರುಳಿ, ಕಲ್ಲುಗಳ ನಡುವೆ ಜಜ್ಜಿ ಚಪ್ಪಟೆಯಾದ ಅಲ್ಲಿನ ಕಣಗಳು ಎಷ್ಟು ಸಣ್ಣವೆಂದರೆ, ಹವ್ಯಾಸಕ್ಕಾಗಿ ಚಿನ್ನ ಹುಡುಕುವವರು ಅವನ್ನು ಹಿಟ್ಟಿಗೆ ಹೋಲಿಸಿಯೇ ಹೆಸರಿಸಿದ್ದಾರೆ. ತಟ್ಟೆಯಲ್ಲಿ ಹೊಳೆಮರಳನ್ನು ತುಂಬಿ, ನೀರಿನಲ್ಲಿ ಅಲುಗಿಸಿ ಚೆಲ್ಲುತ್ತ ಹೋದಂತೆ ಬೆಣಚುಕಲ್ಲಿನ ಬಿಳಿಯ ಮರಳು ಬೇಗನೆ ಹೊರಬಿದ್ದು ತಳದಲ್ಲಿ ಹಿಡಿಯಷ್ಟು ಕಪ್ಪು ಮರಳು ಉಳಿಯುತ್ತದೆ. ಚಿನ್ನವಿರುವುದು ಅದರೊಳಗೆ, ಹೆಚ್ಚಿನವರ ತಾಳ್ಮೆ ಮುಗಿಯುವುದೂ ಅಲ್ಲಿಯೇ.

ಕಪ್ಪು ಮರಳೆಂಬುದು ಒಂದೇ ಖನಿಜವಲ್ಲ. ಅಯಸ್ಕಾಂತಕ್ಕೆ ಅಂಟುವ ಕಬ್ಬಿಣದ ಆಕ್ಸೈಡಾದ ಮ್ಯಾಗ್ನೆಟೈಟ್, ಅಷ್ಟಾಗಿ ಅಂಟದ ಹೆಮಟೈಟ್, ಟೈಟಾನಿಯಂ ಇರುವ ಇಲ್ಮೆನೈಟ್, ಜೊತೆಗೆ ಕೆಂಪು ಗಾರ್ನೆಟ್ ಇವೆಲ್ಲ ಅದರಲ್ಲಿ ಬೆರೆತಿರುತ್ತವೆ. ನೀರಿಗಿಂತ ಎಷ್ಟು ಪಟ್ಟು ಭಾರವೆಂಬುದನ್ನು ಹೇಳುವ ಸಾಪೇಕ್ಷ ಸಾಂದ್ರತೆ ಬೆಣಚುಕಲ್ಲಿಗೆ 2.65, ಮ್ಯಾಗ್ನೆಟೈಟಿಗೆ ಸುಮಾರು 5.2, ಶುದ್ಧ ಚಿನ್ನಕ್ಕೆ 19.3. ನೀರಿನಲ್ಲಿ ಮುಳುಗಿದ ಕಣವನ್ನು ನೀರೇ ಒಂದಿಷ್ಟು ಮೇಲಕ್ಕೆತ್ತುವುದರಿಂದ ಪ್ರತಿಯೊಂದು ಸಂಖ್ಯೆಯಿಂದಲೂ ಒಂದನ್ನು ಕಳೆದು ನೋಡಿದರೆ, ಒಂದೇ ಗಾತ್ರದ ಬೆಣಚುಕಲ್ಲಿಗಿಂತ ಚಿನ್ನ 11 ಪಟ್ಟು ಭಾರವಾಗಿಯೂ, ಮ್ಯಾಗ್ನೆಟೈಟಿಗಿಂತ ಕೇವಲ 4.4 ಪಟ್ಟು ಭಾರವಾಗಿಯೂ ವರ್ತಿಸುತ್ತದೆ. ನೈಸರ್ಗಿಕ ಚಿನ್ನದಲ್ಲಿ ಬೆಳ್ಳಿ ಬೆರೆತಿರುವುದರಿಂದ ಈ ಅಂತರ ಇನ್ನೂ ತುಸು ತಗ್ಗುತ್ತದೆ.

ಆದರೂ ನಾಲ್ಕು ಪಟ್ಟು ಭಾರವೆಂಬುದು ಸಣ್ಣ ಅಂತರವೇನಲ್ಲ. ತೊಡಕಿರುವುದು ಕಣಗಳ ಗಾತ್ರದಲ್ಲಿ. ದ್ರವದಲ್ಲಿ ಅತಿ ಸಣ್ಣ ಗೋಳವೊಂದು ಇಳಿಯುವ ವೇಗವು ಅದರ ವ್ಯಾಸದ ವರ್ಗಕ್ಕೆ, ಅಂದರೆ ವ್ಯಾಸವನ್ನು ಅದರಿಂದಲೇ ಗುಣಿಸಿದ ಗುಣಲಬ್ಧಕ್ಕೆ, ಅನುಗುಣವಾಗಿರುತ್ತದೆಂದು ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ 1851ರಲ್ಲಿ ಪ್ರಕಟಿಸಿದ ಸೂತ್ರ ತಿಳಿಸುತ್ತದೆ. ಇದರ ಪ್ರಕಾರ 0.05 ಮಿಲಿಮೀಟರಿನ ಚಿನ್ನದ ಕಣವೂ ಅದರ ಎರಡು ಪಟ್ಟು ದಪ್ಪದ ಮ್ಯಾಗ್ನೆಟೈಟ್ ಕಣವೂ ಹೆಚ್ಚುಕಡಿಮೆ ಒಟ್ಟಿಗೇ ತಳ ಮುಟ್ಟುತ್ತವೆ. ಆದ್ದರಿಂದ ತೊಳೆಯುವ ಕೈಚಳಕಕ್ಕಿಂತ ಮೊದಲು ಬೇಕಾದದ್ದು ಜರಡಿ. ಹವ್ಯಾಸಿಗಳು ಬಳಸುವ ಜರಡಿಗಳನ್ನು ಒಂದು ಅಂಗುಲದ ಉದ್ದಕ್ಕೆ ಎಷ್ಟು ಕಣ್ಣುಗಳಿವೆ ಎಂಬ ಎಣಿಕೆಯಿಂದ ಗುರುತಿಸುತ್ತಾರೆ. 30ರ ಜರಡಿಯ ಕಣ್ಣು ಸುಮಾರು 0.6 ಮಿಲಿಮೀಟರ್, 50ರದು 0.3, 100ರದು 0.15. ಪ್ರತಿ ಹಂತಕ್ಕೂ ಕಣ್ಣು ಅರ್ಧಕ್ಕಿಳಿಯುವುದರಿಂದ ಎರಡು ಜರಡಿಗಳ ನಡುವೆ ಸಿಕ್ಕ ಮರಳಿನಲ್ಲಿ ಅತಿ ದಪ್ಪ ಕಣವು ಅತಿ ಸಣ್ಣ ಕಣದ ಎರಡು ಪಟ್ಟನ್ನು ಮೀರಲಾರದು, ಮತ್ತು ಆ ಮಿತಿಯೊಳಗೆ ಮ್ಯಾಗ್ನೆಟೈಟ್ ಚಿನ್ನವನ್ನು ಹಿಂದಿಕ್ಕಲಾರದು. ಒಂದೊಂದು ಪಾಲನ್ನೂ ಬೇರೆ ಬೇರೆಯಾಗಿ ತೊಳೆಯಬೇಕೆಂಬ ನಿಯಮದ ಹಿಂದಿರುವುದು ಈ ಲೆಕ್ಕವೇ.

ಕನ್ನಡದಲ್ಲಿ ಅಕ್ಕಿಯನ್ನು ನೀರಿನಲ್ಲಿ ಆಡಿಸಿ ಕಲ್ಲನ್ನು ಬೇರ್ಪಡಿಸುವುದಕ್ಕೆ ಜಾಲಿಸುವುದು ಎನ್ನುತ್ತಾರೆ. ಗದಗ ಸೀಮೆಯ ಕಪ್ಪತಗುಡ್ಡದ ಹಳ್ಳಗಳಲ್ಲಿ ಮರಳು ತೊಳೆದು ಚಿನ್ನ ತೆಗೆಯುತ್ತಿದ್ದವರಿಗೂ ಜಾಲಗಾರರೆಂಬ ಹೆಸರಿತ್ತು. ಆ ಗುಡ್ಡಸಾಲಿನ ಚಿನ್ನದ ಶಿಲೆಗಳ ಕುರಿತು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1874ರಲ್ಲಿ ಬರೆದಿದ್ದಾನೆ. ಅಡುಗೆಮನೆಯಲ್ಲಿ ತಳಕ್ಕಿಳಿದದ್ದನ್ನು ಎಸೆಯುತ್ತಾರೆ, ಹಳ್ಳದಲ್ಲಿ ತಳಕ್ಕಿಳಿದದ್ದನ್ನೇ ಉಳಿಸಿಕೊಳ್ಳುತ್ತಾರೆ ಎಂಬುದನ್ನು ಬಿಟ್ಟರೆ ಎರಡರ ಭೌತಶಾಸ್ತ್ರವೂ ಒಂದೇ.

ಜರಡಿಯಾದ ಮೇಲೆ ಅಯಸ್ಕಾಂತದ ಸರದಿ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಅಯಸ್ಕಾಂತವನ್ನು ಮರಳಿನ ಮೇಲೆ ಆಡಿಸಿದರೆ ಮ್ಯಾಗ್ನೆಟೈಟ್ ಗೊಂಚಲುಗೊಂಚಲಾಗಿ ಮೇಲೇಳುತ್ತದೆ. ಆದರೆ ಆ ಗೊಂಚಲುಗಳ ನಡುವೆ ಸಿಕ್ಕಿಬಿದ್ದ ಚಿನ್ನವೂ ಹೊರಹೋಗುವುದರಿಂದ, ತೆಗೆದದ್ದನ್ನು ನೀರಿನೊಳಗೆ ಬಿಡಿಸಿ ಮತ್ತೆ ಮತ್ತೆ ಎತ್ತಬೇಕಾಗುತ್ತದೆ. ಇನ್ನೊಂದು ನಷ್ಟ ಕಣ್ಣೆದುರೇ ನಡೆಯುತ್ತದೆ: ಎಣ್ಣೆಯ ಪಸೆ ತಗುಲಿದ ಚಪ್ಪಟೆ ಕಣವು ನೀರನ್ನು ಹತ್ತಿಸಿಕೊಳ್ಳದೆ, ನೀರಿನ ಮೇಲ್ಮೈ ಎಳೆತದ ಬಲದಿಂದ ತೇಲಿಹೋಗುತ್ತದೆ. ಕಬ್ಬಿಣಕ್ಕಿಂತ ಎರಡೂವರೆ ಪಟ್ಟು ಸಾಂದ್ರವಾದ ಲೋಹ ತೇಲುವುದನ್ನು ನಂಬುವುದು ಕಷ್ಟವಾದರೂ, ಪಾತ್ರೆ ತೊಳೆಯುವ ಸಾಬೂನುದ್ರವದ ಒಂದೆರಡು ಹನಿ ಬಿದ್ದೊಡನೆ ಅದು ಮುಳುಗುತ್ತದೆ.

ಕಡೆಯ ಹಂತಕ್ಕೆ ತುಸುವೇ ಇಳಿಜಾರಾಗಿಟ್ಟ ಸ್ಲೇಟಿನಂಥ ಒರಟು ಹಲಗೆ ಒದಗುತ್ತದೆ. ಅದರ ಮೇಲೆ ತೆಳುವಾದ ಪೊರೆಯಂತೆ ನೀರು ಹರಿಯುವಾಗ, ಹಲಗೆಗೆ ತಾಗಿದ ಪದರ ಬಹುತೇಕ ನಿಂತೇ ಇದ್ದು ಮೇಲಿನ ಪದರಗಳು ವೇಗವಾಗಿ ಸಾಗುತ್ತವೆ. ತಲೆಯೆತ್ತಿ ನಿಂತ ದುಂಡು ಕರಿಮರಳು ವೇಗದ ನೀರಿಗೆ ಸಿಕ್ಕಿ ಉರುಳುತ್ತದೆ. ಚಪ್ಪಟೆಯಾಗಿ ಮಲಗಿದ ಚಿನ್ನ ಅಲ್ಲಿಯೇ ಉಳಿಯುತ್ತದೆ. ತಟ್ಟೆಯಲ್ಲಿ ತೊಡಕಾಗಿದ್ದ ಚಪ್ಪಟೆತನ ಇಲ್ಲಿ ನೆರವಾಗುತ್ತದೆ.

ಚಿನ್ನವನ್ನು ತನ್ನೊಳಗೆ ಎಳೆದುಕೊಳ್ಳುವ ಪಾದರಸದ ದಾರಿ ಹಳೆಯದು, ಇವೆಲ್ಲಕ್ಕಿಂತ ಬೇಗನೆಯದು ಮತ್ತು ಕೆಟ್ಟದ್ದು. ಕ್ಯಾಲಿಫೋರ್ನಿಯದಲ್ಲಿ 1848ರ ನಂತರದ ಚಿನ್ನದ ಬೇಟೆಯ ಕಾಲದಲ್ಲಿ ಹೊಳೆ ಸೇರಿದ ಪಾದರಸ ಇಂದಿಗೂ ಅಲ್ಲಿನ ಕೆಸರಿನಲ್ಲಿದೆ; 2017ರಲ್ಲಿ ಜಾರಿಗೆ ಬಂದ ಮಿನಮಾಟ ಒಪ್ಪಂದವು ಸಣ್ಣ ಗಣಿಗಾರಿಕೆಯಲ್ಲಿ ಅದರ ಬಳಕೆಯನ್ನು ತಗ್ಗಿಸಲು, ಸಾಧ್ಯವಾದೆಡೆ ನಿಲ್ಲಿಸಲು, ಸದಸ್ಯ ದೇಶಗಳಿಗೆ ಹೇಳುತ್ತದೆ. ಹವ್ಯಾಸಿಗೆ ಅದರ ಅಗತ್ಯವೂ ಇಲ್ಲ. ತೊಳೆದು ಮುಗಿದ ಕಪ್ಪು ಮರಳನ್ನು ಅನುಭವಸ್ಥರು ಎಸೆಯದೆ ಬಕೆಟ್ಟಿನಲ್ಲಿ ಕೂಡಿಡುತ್ತಾರೆ. ಹೊಳೆಗಿಳಿಯಲಾಗದ ಚಳಿಗಾಲದಲ್ಲಿ ಅದನ್ನು ಒಣಗಿಸಿ, ಮತ್ತೆ ಜರಡಿ ಹಿಡಿದು, ಮೊದಲ ಬಾರಿ ತಪ್ಪಿಸಿಕೊಂಡ ಕಣಗಳಿಗಾಗಿ ಇನ್ನೊಮ್ಮೆ ಜಾಲಿಸುತ್ತಾರೆ.