ಹಾಸು ಒಂದೇ, ರಟ್ಟು ಬೇರೆ

"ಬಿಳಿ ರಕ್ತಕಣ ಎಲ್ಲಾ ಎಲುಬಿನ ಮಜ್ಜೆಯೊಳಗ ಹುಟ್ಟತಾವಂತೀರಿ. ಹಂಗಾದ್ರ, ನೀ ಇದಾಗು ನೀ ಅದಾಗು ಅಂತ ಅವಕ್ಕ ಹೇಳೋರು ಯಾರ್ರೀ?" ಬನಹಟ್ಟಿಯ ನೇಕಾರರೊಬ್ಬರು ಫೋನು ಮಾಡಿ ಕೇಳಿದರು. ಅರ್ಧ ಉತ್ತರ ಅವರ ಮಗ್ಗದ ಮೇಲೇ ಇತ್ತು.

ಜಕಾರ್ಡ್ ಮಗ್ಗದಲ್ಲಿ ರಟ್ಟಿಗೆ ತೂತಿದ್ದ ಕಡೆ ಹಾಸಿನ ಎಳೆ ಮೇಲೇಳುತ್ತದೆ, ಇಲ್ಲದ ಕಡೆ ಕೆಳಗೇ ಉಳಿಯುತ್ತದೆ, ನಡುವೆ ಲಾಳಿ ಹಾಯುತ್ತದೆ. ನೂಲು ಅದೇ. ರಟ್ಟಿನ ಸರ ಬದಲಾದರೆ ಸೆರಗಿನ ಮೇಲೆ ನವಿಲಿನ ಜಾಗದಲ್ಲಿ ತೇರು ಮೂಡುತ್ತದೆ. ಜೀನುಗಳೂ ಹಾಸಿನ ಎಳೆಗಳೇ: ಎಲ್ಲ ಕೋಶದಲ್ಲೂ ಇವೆ, ಯಾವುದು ಏಳಬೇಕೆಂಬುದಷ್ಟೇ ಪ್ರಶ್ನೆ. ಆದರೆ ಇಲ್ಲಿ ತೂತು ಹೊಡೆಯುವುದು ಪಕ್ಕದ ಕೋಶ!

ನನಗೆ ಬಹಳ ಪ್ರಿಯವಾದ ಉದಾಹರಣೆ 'ನಾಚ್'. ಸುಮಾರು ನೂರಹತ್ತು ವರ್ಷಗಳ ಹಿಂದೆ ಅಮೆರಿಕದಲ್ಲಿ ತಳಿವಿಜ್ಞಾನಿ ಮಾರ್ಗನ್ ಅವರ ಪ್ರಯೋಗಾಲಯದ ಹಣ್ಣುನೊಣಗಳಲ್ಲಿ ಕೆಲವಕ್ಕೆ ರೆಕ್ಕೆಯಂಚಿನಲ್ಲಿ ಕಚ್ಚು ಕಂಡಿತು. ಹೆಸರು ಬಂದದ್ದು ಹಾಗೆ. ಅದೇ ಜೀನಿನ ಪ್ರೋಟೀನು ನಮ್ಮ ಕೋಶಗಳ ಮೈಮೇಲೂ ಇದೆ. ಪಕ್ಕದ ಕೋಶ ಅದನ್ನು ಹಿಡಿದು ಜಗ್ಗುತ್ತದೆ, ಕಿಣ್ವಗಳು ಕತ್ತರಿಸುತ್ತವೆ, ಒಳಗಿನ ತುಂಡು ಕೋಶಕೇಂದ್ರಕ್ಕೆ ಹೋಗಿ ಜೀನುಗಳನ್ನು ಎಬ್ಬಿಸುತ್ತದೆ. ಎದೆಮೂಳೆಯ ಹಿಂದಿನ ಥೈಮಸ್‌ಗೆ ಬಂದ ಎಳೆಯ ಕೋಶ 'ಟಿ ಕೋಶ' ಎಂಬ ಬಗೆಯ ಬಿಳಿ ರಕ್ತಕಣವಾಗುವುದು ಹೀಗೆ. 1999ರಲ್ಲಿ ಇಲಿಗಳಲ್ಲಿ ನಾಚ್1 ಜೀನನ್ನು ತೆಗೆದಾಗ ಟಿ ಕೋಶಗಳ ಬೆಳವಣಿಗೆ ಮೊದಲ ಹೆಜ್ಜೆಯಲ್ಲೇ ನಿಂತಿತು.

ಟಿ ಕೋಶಗಳಲ್ಲೇ ಒಂದು ಬಗೆ ಉಳಿದವನ್ನು ತಡೆದು ಹಿಡಿಯುತ್ತದೆ, ನಮ್ಮ ದೇಹದ ಮೇಲೇ ಅವು ಎರಗದಂತೆ. 2025ರ ವೈದ್ಯಕೀಯ ನೊಬೆಲ್ ಈ ನಿಯಂತ್ರಕ ಟಿ ಕೋಶಗಳನ್ನು ಕುರಿತದ್ದು; ಪಡೆದವರು ಸಕಾಗುಚಿ, ಬ್ರಂಕೋ, ರಾಮ್ಸ್‌ಡೆಲ್. 'ರೋಗನಿರೋಧಕ ಶಕ್ತಿ ಹೆಚ್ಚಿಸುವ' ಪುಡಿ ಮಾರುವವರು ಈ ತಡೆಯುವ ಕೋಶಗಳ ಮಾತನ್ನೇ ಎತ್ತುವುದಿಲ್ಲ. ಅವು ಕೆಟ್ಟರೆ ಏನಾಗುತ್ತದೆಂದು ಬಲ್ಲವರಿಗೆ ಆ ಜಾಹೀರಾತು ಕಂಡರೆ ಸಿಟ್ಟು ಬರುತ್ತದೆ.

ನೇಕಾರರಿಗೆ ಕೊನೆಗೆ ಹೇಳಿದ್ದು ಬೆಂಗಳೂರಿನ ಕತೆ. ಅಲ್ಲಿನ ಎನ್‌ಸಿಬಿಎಸ್ ಸಂಶೋಧನಾ ಸಂಸ್ಥೆಯಲ್ಲಿ ಅಪೂರ್ವ ಸರೀನ್ ಅವರ ತಂಡ ಇದೇ ನಿಯಂತ್ರಕ ಕೋಶಗಳಲ್ಲಿ ನಾಚ್ ಏನು ಮಾಡುತ್ತದೆಂದು ಹುಡುಕಿತು. 2012ರಲ್ಲಿ ಪ್ರಕಟವಾದ ಫಲಿತಾಂಶ ನನ್ನ ಮಗ್ಗದ ಹೋಲಿಕೆಯನ್ನೇ ಮುರಿಯಿತು. ಕತ್ತರಿಸಿದ ತುಂಡು ಅಲ್ಲಿ ಕೇಂದ್ರದೊಳಕ್ಕೆ ಹೋಗದೆ ಹೊರಗೇ ಉಳಿದು, ರಿಕ್ಟರ್ ಎಂಬ ಪ್ರೋಟೀನಿನ ಜೊತೆಗೂಡಿ ಕೋಶವನ್ನು ಸಾವಿನಿಂದ ಕಾಯುತ್ತದೆ. ಬದುಕಲು ಬೇಕಾದ ಸೈಟೊಕೈನ್ ಎಂಬ ಸಂಕೇತ ಪ್ರೋಟೀನು ಬತ್ತಿ ಉಳಿದ ಟಿ ಕೋಶಗಳು ಸಾಯುವಾಗಲೂ ಇವು ಉಳಿಯುತ್ತವೆ.

"ಅಂದ್ರ ರಟ್ಟು ಜಕಾರ್ಡಿಗೆ ಏರಲೇ ಇಲ್ಲ," ಅಂದರು ಅವರು. "ಕೆಳಗ ನಿಂತು ಮಗ್ಗ ಕಾಯಾಕತ್ತೇತಿ."