ನಿಮಗಿದು ಗೊತ್ತೇ? ಬೀಳುವ ನೀರು, ಉರಿಯುವ ದೀಪ

ಶಿವನಸಮುದ್ರದಲ್ಲಿ ಕಾವೇರಿ ಕೊಟ್ಟ ಕರೆಂಟು ಮೊದಲು ಹೋದದ್ದು ಬೆಂಗಳೂರಿಗಲ್ಲ, ಮೈಸೂರಿಗೂ ಅಲ್ಲ. 1902ರ ಜೂನ್‌ನಲ್ಲಿ ಅದು ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿ ತಲುಪಿತು. ಅಷ್ಟು ಉದ್ದದ ವಿದ್ಯುತ್ ಮಾರ್ಗ ಆಗ ಜಗತ್ತಿನಲ್ಲೇ ಅಪರೂಪ. ಬೆಂಗಳೂರಿನಲ್ಲಿ ವಿದ್ಯುದ್ದೀಪ ಹೊತ್ತಿದ್ದು 1905ರ ಆಗಸ್ಟ್‌ನಲ್ಲಿ.

ಕನ್ನಂಬಾಡಿ ಕಟ್ಟೆ ಎಂದೊಡನೆ ಮಂಡ್ಯದ ಗದ್ದೆ ಕಣ್ಣಿಗೆ ಬರುತ್ತದೆ. ಆದರೆ ಬೇಸಿಗೆಯಲ್ಲಿ ಹೊಳೆ ಸೊರಗಿದಾಗಲೂ ಶಿವನಸಮುದ್ರದ ಯಂತ್ರಗಳು ನಿಲ್ಲದಂತೆ ನೀರು ಒದಗಿಸುವುದೂ ಆ ಕಟ್ಟೆಯ ಮುಖ್ಯ ಉದ್ದೇಶವಾಗಿತ್ತು.

ಸೆಕೆಂಡಿಗೆ 1,000 ಲೀಟರ್ ನೀರು 100 ಮೀಟರ್ ಕೆಳಕ್ಕೆ ಬಿದ್ದರೆ ಅದರಲ್ಲಿ ಸುಮಾರು 980 ಕಿಲೋವಾಟ್ ಶಕ್ತಿ ಇರುತ್ತದೆ. ಬೀಳುವ ಎತ್ತರ ಇಮ್ಮಡಿಯಾದರೆ ಅಷ್ಟೇ ವಿದ್ಯುತ್ತಿಗೆ ಅರ್ಧ ನೀರು ಸಾಕು. ನಮ್ಮ ದೊಡ್ಡ ಜಲವಿದ್ಯುತ್ ಕೇಂದ್ರಗಳು ಪಶ್ಚಿಮಘಟ್ಟದ ಇಳಿಜಾರನ್ನೇ ಹುಡುಕಿಕೊಂಡು ಹೋದದ್ದು ಇದಕ್ಕೇ.

ಟರ್ಬೈನ್ ಎಲ್ಲ ಕಡೆ ಒಂದೇ ಅಲ್ಲ. ನೀರು ಕಡಿಮೆ, ಎತ್ತರ ಹೆಚ್ಚು ಇದ್ದಲ್ಲಿ ಪೆಲ್ಟನ್: ರಭಸದ ನೀರು ಚಕ್ರದ ಬಟ್ಟಲುಗಳಿಗೆ ಬಡಿಯುತ್ತದೆ. ಎತ್ತರ ಕಡಿಮೆ, ನೀರು ಧಾರಾಳವಾಗಿದ್ದರೆ ಕಪ್ಲಾನ್. ನಡುವಿನದಕ್ಕೆ ಫ್ರಾನ್ಸಿಸ್.

ವಾರಾಹಿಯ 460 ಮೆಗಾವಾಟ್ ವಿದ್ಯುದಾಗಾರ ಇರುವುದು ನೆಲದಡಿಯಲ್ಲಿ!

ಟರ್ಬೈನ್ ತಿರುಗಿಸಿದ ನೀರು ಖರ್ಚಾಗುವುದಿಲ್ಲ. ಶರಾವತಿಯನ್ನೇ ನೋಡಿ. ಲಿಂಗನಮಕ್ಕಿ ಅಣೆಕಟ್ಟೆಯ ಬುಡದಲ್ಲಿ 55 ಮೆಗಾವಾಟ್ ಕೊಟ್ಟ ನೀರು ತಳಕಳಲೆ ಜಲಾಶಯ ಸೇರುತ್ತದೆ. ಅಲ್ಲಿಂದ ಘಟ್ಟದ ಕೊಳವೆಗಳಲ್ಲಿ ಧುಮುಕಿ 1,035 ಮೆಗಾವಾಟ್ ಸಾಮರ್ಥ್ಯದ ಶರಾವತಿ ಕೇಂದ್ರವನ್ನು ನಡೆಸುತ್ತದೆ. ಮುಂದೆ ಗೇರುಸೊಪ್ಪೆಯಲ್ಲಿ ಮತ್ತೆ 240 ಮೆಗಾವಾಟ್. ಒಂದೇ ನೀರಿಗೆ ಮೂರು ಸಲ ದುಡಿಮೆ. ಇಷ್ಟು ಜಾಣತನದಿಂದ ಹೊಳೆಯನ್ನು ಬಳಸಿದ ಎಂಜಿನಿಯರುಗಳ ಮೇಲೆ ಗೌರವ ಮೂಡುತ್ತದೆ.

ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಇನ್ನೊಂದು ಅಣೆಕಟ್ಟೆಯೇ ಮುಳುಗಿದೆ! ಜೋಗದ ಹಳೆಯ ವಿದ್ಯುತ್ ಯೋಜನೆಗಾಗಿ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೆ ಅದು. ಬೇಸಿಗೆಯಲ್ಲಿ ನೀರು ತೀರ ಇಳಿದರೆ ಅದು ಮೇಲೆ ಕಾಣಿಸಿಕೊಳ್ಳುತ್ತದೆ. ಅದೇ ನೀರಿನಡಿ ಮನೆ, ಗದ್ದೆ, ಅಡಿಕೆ ತೋಟಗಳೂ ಹೋದವು. 1964ರಲ್ಲಿ ಕಟ್ಟೆ ಮುಗಿದು ಅರವತ್ತು ವರ್ಷವಾದರೂ, ನಾಡಿಗೆ ಬೆಳಕು ಕೊಡಲು ಊರು ಬಿಟ್ಟ ಎಷ್ಟೋ ಕುಟುಂಬಗಳು ತಾವು ನೆಲೆಸಿದ ನೆಲದ ಹಕ್ಕುಪತ್ರಕ್ಕಾಗಿ ಕಾಯುತ್ತಿವೆ. ಅವರಿಗೆ ಅದು ಇನ್ನಾದರೂ ಸಿಗಬೇಕು.