ಅಜ್ಜಿಯ ಮಾತು ಮೊಮ್ಮಗುವಿಗೆ ತಿಳಿಯಬೇಡವೆ?

ತಿರುಮಕೂಡಲಿನಲ್ಲಿ ಕಪಿಲೆಯು ಕಾವೇರಿಯನ್ನು ಕೂಡುತ್ತಾಳೆ. ಅಲ್ಲಿಂದ ಮುಂದೆ ಹರಿಯುವ ನೀರಿನಲ್ಲಿ ಇಬ್ಬರ ಪಾಲೂ ಉಂಟು; ಆದರೆ ಹೆಸರು ಕಾವೇರಿಯದು ಮಾತ್ರ. ಹೊರದೇಶಗಳಲ್ಲಿ ನೆಲೆಸಿದ ನಮ್ಮ ಕುಟುಂಬಗಳ ಮನೆಮಾತಿಗೂ ಇದೇ ಗತಿಯೆ ಎಂಬ ಚಿಂತೆ ಇಂದು ನಂಜನಗೂಡು, ತಿ. ನರಸೀಪುರಗಳ ಎಷ್ಟೋ ಮನೆಗಳ ಹಿರಿಯರನ್ನು ಕಾಡುತ್ತಿದೆ. ಅಮೆರಿಕದಿಂದ ರಜೆಗೆ ಬಂದ ಮೊಮ್ಮಗು ಅಜ್ಜಿಯ ಮಾತಿಗೆ ನಗುತ್ತದೆ, ತಲೆಯಾಡಿಸುತ್ತದೆ. ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ನಡುವೆ ಕುಳಿತು ಅರ್ಥ ಹೇಳುವ ಮಗಳು ಅಡುಗೆಮನೆಗೆ ಎದ್ದುಹೋದರೆ ಅಜ್ಜಿಯೂ ಮೊಮ್ಮಗುವೂ ಒಬ್ಬರಿಗೊಬ್ಬರು ಮೂಕರು.

ಎರಡು ನುಡಿಗಳ ಬಾಳು

ಎರಡು ನುಡಿಗಳು ಕೂಡಿ ಬಾಳುವುದು ಈ ಸೀಮೆಗೆ ಹೊಸತೇನಲ್ಲ. ಹನ್ನೊಂದನೆಯ ಶತಮಾನದ ಆದಿಯಲ್ಲಿ ಚೋಳರು ತಲಕಾಡನ್ನು ಗೆದ್ದು ಅದನ್ನು ರಾಜರಾಜಪುರವೆಂದು ಕರೆದರು. ಸುಮಾರು 1116ರಲ್ಲಿ ಹೊಯ್ಸಳ ವಿಷ್ಣುವರ್ಧನನು ಅದನ್ನು ಅವರಿಂದ ಕಸಿದುಕೊಂಡು 'ತಲಕಾಡುಗೊಂಡ'ನೆನಿಸಿದನು. ಈ ಎರಡು ತಾಲ್ಲೂಕುಗಳ ಶಿಲಾಶಾಸನಗಳಲ್ಲಿ ಕನ್ನಡವೂ ಉಂಟು, ತಮಿಳೂ ಉಂಟು. ಅನಂತರವೂ ತಮಿಳು, ತೆಲುಗು, ಉರ್ದು ಮನೆಮಾತಿನವರು ತಲೆಮಾರುಗಳಿಂದ ಇಲ್ಲಿ ಬಾಳುತ್ತ ಬಂದಿದ್ದಾರೆ.

ಕನ್ನಡದ ಆದ್ಯ ಲೇಖಕಿಯರಲ್ಲೊಬ್ಬರಾದ ನಂಜನಗೂಡು ತಿರುಮಲಾಂಬ (1887–1982) ಶ್ರೀವೈಷ್ಣವ ಮನೆತನದವರು. ಆ ಸಮುದಾಯದ ಮನೆಮಾತು ತಮಿಳು. ಆದರೂ ಆಕೆ 'ಸತೀಹಿತೈಷಿಣಿ' ಗ್ರಂಥಮಾಲೆಯನ್ನೂ 'ಕರ್ಣಾಟಕ ನಂದಿನಿ' ಪತ್ರಿಕೆಯನ್ನೂ ಹೊರತಂದದ್ದು ಕನ್ನಡದಲ್ಲಿ. ಮೈಸೂರಿನಲ್ಲಿ 1929ರಲ್ಲಿ ಹುಟ್ಟಿದ ಎ. ಕೆ. ರಾಮಾನುಜನ್ ಅವರ ಮನೆಯ ವ್ಯವಸ್ಥೆ ಇನ್ನೂ ಸೊಗಸಾದುದು. ಕೆಳಗೆ ತಾಯಿಯೊಡನೆ ತಮಿಳು, ಮಹಡಿಯ ಮೇಲೆ ಗಣಿತದ ಪ್ರಾಧ್ಯಾಪಕರಾದ ತಂದೆಯೊಡನೆ ಇಂಗ್ಲಿಷು, ಬೀದಿಗಿಳಿದರೆ ಕನ್ನಡ. 1959ರಲ್ಲಿ ಅಮೆರಿಕಕ್ಕೆ ತೆರಳಿ ಷಿಕಾಗೋ ವಿಶ್ವವಿದ್ಯಾನಿಲಯದಲ್ಲಿ ನೆಲೆನಿಂತ ಮೇಲೆಯೇ, 1969ರಲ್ಲಿ, ಅವರ ಮೊದಲ ಕನ್ನಡ ಕವನಸಂಗ್ರಹ 'ಹೊಕ್ಕುಳಲ್ಲಿ ಹೂವಿಲ್ಲ' ಪ್ರಕಟವಾಯಿತು.

ಇದರ ಗುಟ್ಟೇನು? ಪ್ರತಿಯೊಂದು ನುಡಿಗೂ ಅದರದೇ ಆದ ತಾವಿತ್ತು, ಅದರದೇ ಆದ ಕೆಲಸವಿತ್ತು. ಒಂದು ಇನ್ನೊಂದರ ಜಾಗವನ್ನು ಕಬಳಿಸಲಿಲ್ಲ.

ಒತ್ತಡವೆಲ್ಲಿಂದ?

ಹೊಸ ನಾಡಿನಲ್ಲಿ ಕೆಡುವುದು ಈ ವ್ಯವಸ್ಥೆಯೇ. ಮಗು ನಾಲ್ಕೈದು ವರ್ಷದವರೆಗೆ ಚೆನ್ನಾಗಿ ಕನ್ನಡವಾಡುತ್ತದೆ. ಶಾಲೆಗೆ ಸೇರಿದ ಮೇಲೆ ಇಂಗ್ಲಿಷಿನಲ್ಲಿ ಉತ್ತರಿಸತೊಡಗುತ್ತದೆ. ದಣಿದು ಬಂದ ತಂದೆತಾಯಿಗಳು ತಾವೂ ಅದಕ್ಕೆ ಹೊಂದಿಕೊಳ್ಳುತ್ತಾರೆ. ಎರಡನೆಯ ಮಗು ಅಕ್ಕನಿಂದಲೋ ಅಣ್ಣನಿಂದಲೋ ಇಂಗ್ಲಿಷನ್ನೇ ಕಲಿಯುತ್ತದೆ. ಮೂರನೆಯ ತಲೆಮಾರಿಗೆ ಉಳಿಯುವುದು ತಿಂಡಿಗಳ ಹೆಸರು ಮಾತ್ರ.

ಹೊರಗಿನ ಒತ್ತಡವೂ ಸುಳ್ಳಲ್ಲ. ಮೊದಲನೆಯ ಮಹಾಯುದ್ಧದ ತರುವಾಯ, 1919ರಲ್ಲಿ, ಅಮೆರಿಕದ ನೆಬ್ರಾಸ್ಕ ರಾಜ್ಯವು ಎಳೆಯ ಮಕ್ಕಳಿಗೆ ಶಾಲೆಯಲ್ಲಿ ಪರಭಾಷೆ ಕಲಿಸುವುದನ್ನು ನಿಷೇಧಿಸಿತು. ಹತ್ತು ವರ್ಷದ ಬಾಲಕನಿಗೆ ಜರ್ಮನ್ ಓದಿಸಿದ ಉಪಾಧ್ಯಾಯನಿಗೆ ದಂಡ ಬಿತ್ತು. 1923ರಲ್ಲಿ ಆ ದೇಶದ ಶ್ರೇಷ್ಠ ನ್ಯಾಯಾಲಯವು ಶಿಕ್ಷೆಯನ್ನು ರದ್ದುಪಡಿಸಿತು. ಆದರೆ ಮನೋಭಾವವು ತೀರ್ಪಿನಿಂದ ಅಳಿಯುವಂಥದಲ್ಲ. 2025ರ ಮಾರ್ಚ್ 1ರಂದು ಅಧ್ಯಕ್ಷರ ಆಜ್ಞೆಯಿಂದ ಇಂಗ್ಲಿಷು ಅಲ್ಲಿನ ಅಧಿಕೃತ ಭಾಷೆಯಾಯಿತು. ಆದರೂ ಊಟದ ಹೊತ್ತಿನ ಮಾತನ್ನು ಯಾವ ಆಜ್ಞೆಯೂ ತಡೆಯಲಾರದು.

ಎರಡು ನುಡಿ ಕಲಿತರೆ ಮಗುವಿನ ಬುದ್ಧಿಗೆ ಗೊಂದಲವೆಂಬ ಹೆದರಿಕೆಯೂ ಹಳೆಯದು. ವೇಲ್ಸ್ ನಾಡಿನ ಮಕ್ಕಳನ್ನು ಪರೀಕ್ಷಿಸಿದ ಡಿ. ಜೆ. ಸೇರ್ 1923ರಲ್ಲಿ ಹಾಗೆಂದೇ ಬರೆದರು. ಆದರೆ 1962ರಲ್ಲಿ ಪೀಲ್ ಮತ್ತು ಲ್ಯಾಂಬರ್ಟ್ ಎಂಬ ಸಂಶೋಧಕರು ಕೆನಡದ ಮಾಂಟ್ರಿಯಲ್‌ನಲ್ಲಿ ಹತ್ತು ವರ್ಷದ ಮಕ್ಕಳನ್ನು, ಮನೆಗಳ ಸ್ಥಿತಿಗತಿಯನ್ನೂ ಲೆಕ್ಕಕ್ಕೆ ತೆಗೆದುಕೊಂಡು, ಹೋಲಿಸಿ ನೋಡಿದಾಗ ದ್ವಿಭಾಷಿಕ ಮಕ್ಕಳೇ ಮುಂದಿದ್ದರು. ಇಂಗ್ಲಿಷು ಬೇಕೆಂದು ಕನ್ನಡವನ್ನು ಬಿಡಬೇಕಾಗಿಲ್ಲ.

ನಮ್ಮ ಪಾಲಿನ ಕೆಲಸ

ದೂರದವರನ್ನಷ್ಟೇ ದೂರಿದರೆ ಸಾಲದು. ಬಂದ ಮಗು ತೊದಲುತ್ತ ಒಂದು ಕನ್ನಡ ವಾಕ್ಯವಾಡಿದರೆ ಇಲ್ಲಿಯ ಬಂಧುಗಳು ನಗುತ್ತಾರೆ. ನಾಚಿದ ಮಗು ಮತ್ತೆ ಬಾಯಿ ತೆರೆಯದು. ಇನ್ನು ಕೆಲವರು ಅದರೊಡನೆ ತಮ್ಮ ಇಂಗ್ಲಿಷನ್ನು ಪ್ರದರ್ಶಿಸಲು ಹೊರಡುತ್ತಾರೆ. ನಮ್ಮೂರಿನಲ್ಲೇ ಬೇಡವಾದ ಭಾಷೆಯನ್ನು ಅದು ಸಾಗರದಾಚೆ ಏಕೆ ಹೊತ್ತು ತಿರುಗಬೇಕು?

ಮಾಡಬೇಕಾದುದು ದೊಡ್ಡದೇನೂ ಅಲ್ಲ. ಮಗು ಯಾವ ನುಡಿಯಲ್ಲಿ ಕೇಳಿದರೂ ತಾಯಿಯೋ ತಂದೆಯೋ ಕನ್ನಡದಲ್ಲೇ ಉತ್ತರಿಸಲಿ. ವಾರಕ್ಕೊಮ್ಮೆ ದೂರವಾಣಿಯಲ್ಲಿ ಅಜ್ಜಿ ಒಂದು ಕಥೆಯನ್ನು ಅರ್ಧಕ್ಕೆ ನಿಲ್ಲಿಸಲಿ. ಕನ್ನಡ ಕೂಟದ ತರಗತಿಯಲ್ಲಿ ಅಕ್ಷರ ಕಲಿತ ಮಗುವಿಗೆ ಇಲ್ಲಿಂದೊಂದು ಕಾಗದ ಹೋಗಲಿ. ರಜೆ ಸಾಧ್ಯವಾದರೆ ಜಾತ್ರೆಯ ಕಾಲಕ್ಕೆ ಬರಲಿ. ಶ್ರೀಕಂಠೇಶ್ವರನ ದೊಡ್ಡ ಜಾತ್ರೆಯಲ್ಲಿ ಹೊರಡುವ ಐದು ತೇರುಗಳು ಯಾರಯಾರವು, ತೇರಿಗೆ ಹಣ್ಣು ಜವನ ಎಸೆಯುವುದೇಕೆ ಎಂದು ಮಗು ಕೇಳಿದಾಗ ಉತ್ತರ ಕನ್ನಡದಲ್ಲೇ ಬರಬೇಕು. ಮಾಡಲು ಕೆಲಸವಿರುವ ಭಾಷೆ ಸಾಯುವುದಿಲ್ಲ. ಆ ಕೆಲಸವನ್ನು ಕೊಡಬೇಕಾದವರು ಅಲ್ಲಿಯ ತಂದೆತಾಯಿಗಳು, ಇಲ್ಲಿಯ ನಾವು.